ತೊಳೆಯದ ಗೊಟ್ಟ

ಎಷ್ಟು ತಿಕ್ಕಿದರೂ ಅಂಗೈ ಗೆರೆಗಳಲ್ಲಿ ಕೂತಿದ್ದ ಬೂದಿ ಹೋಗಲಿಲ್ಲ. ಅಜ್ಜಿ ಬಟ್ಟೆಯನ್ನು ಮತ್ತೊಂದು ಸಲ ಬಿಸಿನೀರಿಗೆ ಅದ್ದಿ ಹಿಂಡಿ, ಗಂಡನ ಬಲಗೈಯನ್ನು ತೊಡೆಯ ಮೇಲೆಳೆದುಕೊಂಡು ಉಜ್ಜಿದಳು. ಕೈ ಆಗಲೇ ಸೆಟೆದಿತ್ತು. ಹದಿನೆಂಟು ವರ್ಷ, ದಿನಕ್ಕೆ ಹತ್ತು ಸಲ ಬೂದಿ ಹಾಕಿ ತೊಳೆದ ಕೈ. ಒಂದು ಬೆಳಗಿನಲ್ಲಿ ಬೆಳ್ಳಗಾಗು ಎಂದರೆ ಎಲ್ಲಿಂದ ಆಗಬೇಕು?

"ಬಿಡು ಅತ್ತಿಗೆ," ಎಂದಳು ಹೆಣದ ಕಾಲ ಬಳಿ ಕೂತಿದ್ದ ನಾದಿನಿ. ಸತ್ತವನಿಗೆ ಇದ್ದವಳು ಇವಳೊಬ್ಬಳೇ ತಂಗಿ. "ಊರೆಲ್ಲ ಬೂದಿಯಣ್ಣ ಅಂತ ಕರೆದೋರು. ಬೂದಿ ಇಲ್ದೆ ಹೋದ್ರೆ ಅಲ್ಲಿ ಅವನನ್ನ ಯಾರು ಗುರುತು ಹಿಡೀತಾರೆ?"

ನಗಬೇಕೆಂದು ಹೇಳಿದವಳು ತಾನೇ ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡು ಅಣ್ಣನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು.

"ಇಂಥ ಕೈಗುಣ ಇನ್ನು ಯಾರಿಗೆ ಬರುತ್ತೆ ಹೇಳು. ನನ್ನ ಕುರಿ ಉಳಿಸಬೇಕು ಅಂತ ಎರಡು ದಿನ ನಡ್ಕೊಂಡು ಬಂದಿದ್ದ. ಬೇನೆ ಬರೋ ಮುಂಚೆನೇ ಬಂದ. ಒಂದೂ ಉಳೀಲಿಲ್ಲ, ಅದು ನನ್ನ ಹಣೆಬರಹ. ಆದ್ರೆ ಬಂದ ನೋಡು! ಒಡಹುಟ್ಟಿದೋನು ಅಂದ್ರೆ ಹಂಗಿರಬೇಕು."

ಅಜ್ಜಿಯ ಕೈ ನಿಂತಿತು. ಈ ಮಾತನ್ನು ಅವಳು ಹದಿನೆಂಟು ವರ್ಷದಿಂದ ಕೇಳುತ್ತ ಬಂದಿದ್ದಳು. ನಾಲ್ಕು ಜನ ಸೇರಿದ ಕಡೆಯೆಲ್ಲ ನಾದಿನಿ ಇದನ್ನು ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಗಂಡ ಏನೋ ಕೆಲಸ ನೆನಪಾದವನಂತೆ ಎದ್ದು ಹೊರಗೆ ಹೋಗುತ್ತಿದ್ದ. ಇವತ್ತು ಎದ್ದು ಹೋಗಲು ಅವನಿಗೆ ಆಗಲಿಲ್ಲ.

ಹೊರಗೆ ಹಿಂಡುಗಳು ಬಂದು ಸೇರುತ್ತಿದ್ದವು. ಮೇವು ಹುಡುಕಿಕೊಂಡು ಎಲ್ಲರೂ ದಾರಿಯಲ್ಲಿರುವ ತಿಂಗಳು ಇದು. ಕುರಿಗಳನ್ನು ನೋಡಿಕೊಳ್ಳಲು ಹಿಂದೆ ಯಾರೂ ಇಲ್ಲವಾದ್ದರಿಂದ ಸಾವಿಗೆ ಬಂದವರು ಕುರಿಗಳ ಸಮೇತ ಬಂದಿದ್ದರು. ನೂರಾರು ಗೊರಸುಗಳ ಸದ್ದು, ಮರಿಗಳ ಅರಚಾಟ, ನಾಯಿಗಳ ಬೊಗಳಾಟ. ಆ ಗದ್ದಲದ ನಡುವೆ ಒಂದು ಆಡು ಕೆಮ್ಮಿತು.

ಅಜ್ಜಿ ತಲೆ ಎತ್ತಿದಳು. ಕುರಿಗಳ ಜೊತೆ ಐವತ್ತು ವರ್ಷ ಬಾಳಿದವಳಿಗೆ ಕೆಮ್ಮಿಗೂ ಕೆಮ್ಮಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಧೂಳು ಕುಡಿದ ಕೆಮ್ಮು ಒಣಗಿರುತ್ತದೆ. ಇದು ಒಣಗಿರಲಿಲ್ಲ.

"ಯಾರ ಆಡು ಅದು?" ಎಂದಳು.

"ಯಾರದ್ದೋ," ಎಂದಳು ನಾದಿನಿ, ಪಾದ ಒರೆಸುತ್ತ.

*

ಗೊಟ್ಟ ಎಂದರೆ ದೊಡ್ಡದೇನಲ್ಲ. ಒಂದು ಗೇಣು ಬಿದಿರಿನ ಕೊಳವೆ, ಒಂದು ಕಡೆ ಗಂಟು, ಇನ್ನೊಂದು ಕಡೆ ಓರೆಯಾಗಿ ಕೊಯ್ದ ಬಾಯಿ. ಅದರಲ್ಲಿ ಔಷಧಿ ತುಂಬಿ ಕುರಿಯ ಬಾಯಿಗೆ ಓರೆಯಾಗಿ ಇಟ್ಟು ಕುಡಿಸುವುದು. ಬೇರೆಯವರು ಕುಡಿಸಿದರೆ ಅರ್ಧ ಔಷಧಿ ಅಂಗಿಗೆ, ಕಾಲು ಭಾಗ ನೆಲಕ್ಕೆ, ಉಳಿದದ್ದು ಕುರಿಯ ಶ್ವಾಸಕೋಶಕ್ಕೆ. ಅಜ್ಜಿಯ ಗಂಡ ಹಾಗಲ್ಲ. ಕುರಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ದವಡೆ ಬಿಡಿಸಿ, ಕಿವಿಯಲ್ಲಿ ಏನೋ ಪಿಸುಗುಟ್ಟುತ್ತ ಗೊಟ್ಟ ಎತ್ತಿದರೆ ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ಏನು ಪಿಸುಗುಟ್ಟುತ್ತಿ ಎಂದು ಹೆಂಡತಿ ಕೇಳಿದ್ದಳು. "ನಿನ್ನ ಅಡುಗೆಗಿಂತ ಇದೇ ರುಚಿ, ಕುಡಿ ಅಂತೀನಿ," ಎಂದಿದ್ದ.

ಗೊಟ್ಟ ಅವನ ಅಪ್ಪನದು. ಅದಕ್ಕೆ ಎರಡು ಕಟ್ಟಳೆಗಳಿದ್ದವು. ಒಂದು, ಬಿದಿರು ಸೀಳಬಾರದೆಂದು ಯಾವಾಗಲೂ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಎರಡು, ಯಾವ ಕಾಲಕ್ಕೂ ತೊಳೆಯಬಾರದು. ತೊಳೆದರೆ ಕೈಗುಣ ನೀರಿನ ಜೊತೆ ಹರಿದುಹೋಗುತ್ತದೆ ಎಂದು ನಂಬಿಕೆ. ಮದುವೆಯಾಗಿ ಬಂದ ಹೊಸತರಲ್ಲಿ ಇದು ಗೊತ್ತಿಲ್ಲದೆ ಅವನ ಹೆಂಡತಿ ಅದನ್ನೂ ಪಾತ್ರೆಗಳ ಜೊತೆ ಬೆಳಗಲು ತೆಗೆದುಕೊಂಡು ಕೂತಿದ್ದಳು. ಮಾವ ಓಡಿಬಂದು ಕಿತ್ತುಕೊಂಡು, ಸಂಜೆಯವರೆಗೆ ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆಮೇಲೆ ಅವಳು ಅದರ ತಂಟೆಗೆ ಹೋಗಲಿಲ್ಲ.

ಅವನಿಗೆ ಮೂವತ್ತು ದಾಟುವ ಹೊತ್ತಿಗೆ ಸುತ್ತಲಿನ ಹಟ್ಟಿಗಳಲ್ಲೆಲ್ಲ ಹೆಸರು ಹಬ್ಬಿತ್ತು. ಯಾವ ಹಿಂಡಿಗೆ ಏನಾದರೂ ಅವನನ್ನೇ ಕರೆಯುತ್ತಿದ್ದರು. ಅವನೂ ಅಷ್ಟೇ, ಕರೆದವರಿಗೆ ನಾಳೆ ಬರುತ್ತೇನೆ ಎಂದವನಲ್ಲ. ಒಂದು ಹೊತ್ತಿನ ಊಟ, ಮಲಗಲು ಒಂದು ಕಂಬಳಿ, ಅಷ್ಟೇ ಅವನ ಬೇಡಿಕೆ. ಅವನ ಐವತ್ತನೆಯ ವಯಸ್ಸಿನಲ್ಲಿ ಹೊಳೆ ಹಟ್ಟಿಯ ಆಡುಗಳಿಗೆ ಮೂಗು ಸೋರತೊಡಗಿತು. ಮೂರೇ ದಿನದಲ್ಲಿ ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಅವು ಬಿದ್ದಲ್ಲೇ ಬಿದ್ದವು. ಸಿಡುಬು ಅಲ್ಲ, ಕಾಲುಬಾಯಿ ಅಲ್ಲ. ಯಾರೂ ಕಂಡಿರದ ಬೇನೆ. ಜನ ಅದಕ್ಕೆ ಹೆಸರಿಡಲೂ ಹೆದರಿದರು. ದೊಡ್ಡಿಯೊಳಗೆ ಅದರ ಸುದ್ದಿ ಎತ್ತಬೇಕಾದರೆ "ಅದು" ಎನ್ನುತ್ತಿದ್ದರು. ಅದು ಬಂದಿದೆಯಂತೆ. ಅದು ಅಲ್ಲಿಗೂ ಬಂತಂತೆ.

ಗೊಟ್ಟವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಅವನು ಹೊರಟ. ಹೊಳೆ ಹಟ್ಟಿಯಿಂದ ಮುಂದಿನ ಹಟ್ಟಿಗೆ, ಅಲ್ಲಿಂದ ಇನ್ನೊಂದಕ್ಕೆ. ಸಾಯುವ ಆಡುಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದ. ಕಾಯಿಲೆ ಇಲ್ಲದವಕ್ಕೂ, ಬಾರದಿರಲಿ ಎಂದು ಕುಡಿಸಿದ. ಕೊನೆಯದಾಗಿ ತಂಗಿಯ ಹಟ್ಟಿಗೆ ಹೋದ. ಅಲ್ಲಿ ಎಲ್ಲವೂ ಚೆನ್ನಾಗಿದ್ದವು. ಆದರೂ ಎರಡು ದಿನ ಕೂತು ನೂರೆಂಬತ್ತು ಬಾಯಿಗೂ ಗೊಟ್ಟ ಇಟ್ಟ.

ಹತ್ತನೆಯ ದಿನಕ್ಕೆ ತಂಗಿಯ ದೊಡ್ಡಿಯಲ್ಲಿ ಅರಚಲು ಒಂದು ಮರಿಯೂ ಉಳಿಯಲಿಲ್ಲ. ಮತ್ತೆ ಹಿಂಡು ಕಟ್ಟಲು ಅವಳೂ ಅವಳ ಗಂಡನೂ ಆರು ವರ್ಷ ಇಟ್ಟಿಗೆ ಭಟ್ಟಿಯಲ್ಲಿ ದುಡಿದರು. ಅವಳ ಬೆನ್ನು ಬಾಗಿದ್ದು ಅಲ್ಲಿ.

*

ಅಂಗಳದ ಆಚೆ ಗುಂಡಿ ತೋಡುತ್ತಿದ್ದರು. ಉಣ್ಣೆ ಕತ್ತರಿಸುವವನೇ ಗುದ್ದಲಿ ಹಿಡಿದಿದ್ದ. ಎಲ್ಲರ ಬಾಯಲ್ಲೂ ಅವನು ಕತ್ತರಿ ಮಾಮ. ಸಾವಾಗಲಿ ಮದುವೆಯಾಗಲಿ ಅವನ ಬಾಯಿ ಮಾತ್ರ ಒಂದೇ ಥರ.

"ಒಂದ್ಸಲ ಉಣ್ಣೆ ತೆಗೆಯೋಕೆ ಬಂದೆ," ಎನ್ನುತ್ತಿದ್ದ ಅವನು. "ಬೂದಿಯಣ್ಣ ದೊಡ್ಡಿ ಬಾಗಿಲಲ್ಲೇ ನಿಲ್ಲಿಸಿ, ಕತ್ತರಿ ಕಿತ್ಕೊಂಡು ಕುದಿಯೋ ನೀರಿಗೆ ಹಾಕಿಬಿಟ್ಟ. ಅಣ್ಣ, ಕತ್ತರಿ ಸಾರು ಮಾಡ್ತೀಯಾ ಅಂದೆ. ಚಪ್ಪಲಿನೂ ಬಿಚ್ಚು, ಅದನ್ನ ನೆಂಚ್ಕೊಳ್ಳೋಕೆ ಇಟ್ಕೊಳ್ತೀನಿ ಅಂದ!"

ಸುತ್ತ ನಿಂತವರು ನಕ್ಕರು. ಗುಡ್ಡದ ಹಟ್ಟಿಯಿಂದ ಬಂದ ಹಿರಿಯ ಮಾತ್ರ ನಗಲಿಲ್ಲ.

"ಸತ್ತೋನ ಬಗ್ಗೆ ಆಡಬಾರದು. ಆದ್ರೂ ಗರ್ವ ಇತ್ತಪ್ಪ. ನಮ್ಮನೆ ಮದುವೆಗೆ ಬಂದ್ರೆ ಹಿಂಡನ್ನ ಅರ್ಧ ಮೈಲಿ ದೂರ ನಿಲ್ಲಿಸಿ ಬರ್ತಿದ್ದ. ನಮ್ಮ ಕುರಿ ಜೊತೆ ನಿಂತ್ರೆ ಅವನ ಕುರಿ ಸವೆದು ಹೋಗ್ತಿತ್ತಾ? ಇಲ್ಲಿಗೆ ಬಂದ್ರೆ ಈ ತೊಟ್ಟಿಗೆ ನಮ್ಮ ಕುರೀನ ಬಿಡ್ತಿರಲಿಲ್ಲ. ಬಕೆಟ್ನಲ್ಲಿ ನೀರು ತಂದು ದೂರ ಇಡ್ತಿದ್ದ."

"ಕೈಗುಣ ಇಟ್ಕೊಂಡೋನು ಹದಿನೆಂಟು ವರ್ಷ ಗೊಟ್ಟ ಮುಟ್ಟಲಿಲ್ಲ," ಎಂದ ಕಾಲುವೆ ಕಡೆಯವನೊಬ್ಬ. "ಕೇಳೋಕೆ ಹೋದ್ರೆ, ಡಾಕ್ಟರಿಗೆ ಫೋನ್ ಮಾಡು ಅಂತಿದ್ದ. ಡಾಕ್ಟರು ಬರೋದ್ರೊಳಗೆ ಕುರಿ ಚರ್ಮ ಆಗಿರ್ತಿತ್ತು."

ಇವತ್ತು ತೊಟ್ಟಿಯ ಬಳಿ ಕೋಲು ಹಿಡಿದು ನಿಲ್ಲುವವರು ಯಾರೂ ಇರಲಿಲ್ಲ. ಅಪ್ಪನ ಹಟ ಮಗನಿಗೆ ಎಂದೂ ಅರ್ಥವಾಗಿರಲಿಲ್ಲ; ಬಿಸಿಲಲ್ಲಿ ನಡೆದು ಬಂದ ಮೂಕಪ್ರಾಣಿಗಳನ್ನು ನೀರಿಗೆ ಬಿಡದಿರುವುದು ಅವನಿಂದಾಗಲಿಲ್ಲ. ಬೆಳಗ್ಗೆ ಪಂಪು ಹಾಕಿ ಸಿಮೆಂಟು ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿದ್ದ. ಒಂದು ಹಿಂಡು ಕುಡಿದು ಸರಿದರೆ ಇನ್ನೊಂದು ಹಿಂಡು ನುಗ್ಗುತ್ತಿತ್ತು. ಅಪ್ಪ ಸತ್ತ ದಿನವಾದರೂ ನಮ್ಮ ಮನೆಯ ನೀರು ನಾಲ್ಕು ಜನಕ್ಕೆ ಸಿಕ್ಕಿತಲ್ಲ ಎಂದು ಅವನಿಗೆ ಸಮಾಧಾನವೇ ಆಗಿತ್ತು.

ಅಜ್ಜಿ ಹೊರಗೆ ಬಂದಾಗ ಆ ಕೆಮ್ಮು ಮತ್ತೆ ಕೇಳಿಸಿತು. ನಾದಿನಿಯ ಮಗ ಬೇಲಿಯ ನೆರಳಲ್ಲಿ ಒಂದು ಕಪ್ಪು ಆಡಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು ನಿಂತ.

"ಅತ್ತೆ, ಮಾವ ಹೋದ ದಿನ ಕೇಳಬಾರದು. ಆದ್ರೂ ಮಾವನ ಗೊಟ್ಟ ಒಂದ್ಸಲ ಕೊಡ್ತೀಯಾ? ಇದು ಮೂರು ದಿನದಿಂದ ಮೇವು ಬಿಟ್ಟಿದೆ. ಇನ್ನೆರಡಕ್ಕೂ ಶುರುವಾದ ಹಂಗಿದೆ."

ಅಜ್ಜಿ ಬಗ್ಗಿ ಆಡಿನ ಗದ್ದ ಎತ್ತಿದಳು. ಕಣ್ಣಿನ ಮೂಲೆಯಲ್ಲಿ ಪಿಸುರು ಕಟ್ಟಿತ್ತು. ಮೂಗಿನಿಂದ ಸೋರಿದ್ದು ಗಟ್ಟಿಯಾಗಿ ಒಂದು ಹೊಳ್ಳೆಯನ್ನು ಪೂರ್ತಿ ಮುಚ್ಚಿತ್ತು. ತುಟಿ ಬಿಡಿಸಿದರೆ ಒಸಡಿನ ಮೇಲೆ ತೌಡು ಮೆತ್ತಿದ ಹಾಗೆ ಬೆಳ್ಳಗೆ. ಆಮೇಲೆ ಆ ವಾಸನೆ ಬಂತು. ಹದಿನೆಂಟು ವರ್ಷದ ಹಿಂದೆ ಗಂಡನ ಅಂಗಿಯಿಂದ, ಕಂಬಳಿಯಿಂದ, ಮೀಸೆಯಿಂದ ಬರುತ್ತಿದ್ದ ವಾಸನೆ.

"ಎಲ್ಲಿಂದ ತಂದೆ ಇದನ್ನ?"

"ಸಂತೇಲಿ. ಹನ್ನೆರಡು ದಿನ ಆಯ್ತು, ಐದು ತಂದೆ. ಜಾಗ ಬದಲಾಯ್ತಲ್ಲ, ಹೊಂದ್ಕೊಳ್ತಿಲ್ಲ ಅಷ್ಟೇ."

"ಸೂಜಿ ಹಾಕ್ಸಿದ್ಯಾ?"

"ಹಳೇವಕ್ಕೆ ಯಾವಾಗ್ಲೋ ಹಾಕ್ಸಿದ್ದೆ. ಇವಕ್ಕೆ ಇನ್ನೂ ಇಲ್ಲ." ಅವನು ಅಜ್ಜಿಯ ಮುಖ ನೋಡಿದ. "ಯಾಕತ್ತೆ? ಅದು ಅಲ್ಲ ತಾನೆ?"

ನಾಲಿಗೆ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಅದೇ ಎಂದರೆ ಈಗಿಂದೀಗಲೇ ಎಲ್ಲರೂ ತಂತಮ್ಮ ಹಿಂಡು ಹೊಡೆದುಕೊಂಡು ಓಡುತ್ತಾರೆ. ಹೆಣ ಹೊರಲು ನಾಲ್ಕು ಹೆಗಲು ಉಳಿಯುವುದಿಲ್ಲ. ನಿನಗೆ ಹೇಗೆ ಗೊತ್ತು ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಆ ಪ್ರಶ್ನೆಯ ಬಾಲ ಹಿಡಿದು ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಣ್ಣಾಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು. ಒಂದು ಗಂಟೆಯಲ್ಲಿ ಏನು ಮುಳುಗಿಹೋಗುತ್ತದೆ.

"ಆ ಕೊನೇ ಕಂಬಕ್ಕೆ ಬೇರೆ ಕಟ್ಟು," ಎಂದಳು. "ಯಾವುದರ ಹತ್ತಿರಾನೂ ಬಿಡಬೇಡ. ಗೊಟ್ಟದ ಮಾತು ಆಮೇಲೆ."

ಬಾಗಿಲ ಪಕ್ಕದ ಮಡಕೆಯಿಂದ ಒಂದು ಹಿಡಿ ಬೂದಿ ತೆಗೆದು ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡಳು. ನೋಡುತ್ತಿದ್ದ ಕತ್ತರಿ ಮಾಮ, "ಅಣ್ಣ ಹೋದ್ರೂ ಚಾಳಿ ಮನೇಲೇ ಬಿಟ್ಟು ಹೋದ," ಎಂದ.

*

ಹದಿನೆಂಟು ವರ್ಷದ ಹಿಂದೆ, ಎಲ್ಲ ಸತ್ತು ಮುಗಿದ ಮೇಲೆ, ಕುರಿ ಡಾಕ್ಟರಮ್ಮ ಬಂದಿದ್ದಳು. ಸಣ್ಣ ವಯಸ್ಸು, ಮೋಟಾರುಬೈಕು, ಕೈಯಲ್ಲಿ ಪುಸ್ತಕ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಆ ಬೇನೆಗೆ ಮೂರು ಅಕ್ಷರದ ಹೆಸರೊಂದನ್ನು ಹೇಳಿದಳು. ಇದು ಕಣ್ಣಿಗೆ ಕಾಣದ ವೈರಸ್ಸು, ಬಂದ ಮೇಲೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಉಂಟು, ಮುಂದಿನ ವರ್ಷದಿಂದ ತಾನೇ ಬಂದು ಹಾಕುತ್ತೇನೆ ಎಂದಳು. ಆಮೇಲೆ, ಯಾವ ಹಟ್ಟಿಗೆ ಯಾವಾಗ ಬಂತು, ಸರಿಯಾದ ಕ್ರಮದಲ್ಲಿ ಹೇಳಿ ಎಂದು ನಕ್ಷೆ ಬಿಡಿಸಿದಳು.

ನಕ್ಷೆ ಅವನಿಗೆ ತಿಳಿಯಲಿಲ್ಲ. ದೊಡ್ಡಿಯಿಂದ ಒಂದು ಹಿಡಿ ಒಣ ಹಿಕ್ಕೆ ಬಾಚಿ ತಂದು, ಗುಡಿಸಿದ ಅಂಗಳದಲ್ಲಿ ಕೂತು ಇಡುತ್ತ ಹೋದ. ಹಟ್ಟಿಗೊಂದು ಹಿಕ್ಕೆ. ಇದು ಹೊಳೆ ಹಟ್ಟಿ, ಮೊದಲು ಇಲ್ಲಿ. ಆಮೇಲೆ ಇದು. ಆಮೇಲೆ ಕೊರಕಲು ದಾಟಿ ಇದು. ಏಳು ಹಿಕ್ಕೆಗಳು. ಏಳನೆಯದು ತಂಗಿಯದು.

"ಇಷ್ಟು ದೂರ ಗಾಳೀಲಿ ಬರಲ್ಲ," ಎಂದಳು ಡಾಕ್ಟರಮ್ಮ, ಬರೆದುಕೊಳ್ಳುತ್ತ. "ಏನೋ ಒಂದು ಹೊತ್ಕೊಂಡು ಹೋಗಿದೆ. ಈ ದಾರೀಲಿ ಯಾರಾದರೂ ಕುರಿ ಹೊಡ್ಕೊಂಡು ಹೋಗಿದ್ರಾ?"

"ಇಲ್ಲಮ್ಮ. ಕುರಿ ಯಾರೂ ಹೊಡ್ಕೊಂಡು ಹೋಗಲಿಲ್ಲ," ಎಂದ. ಅದು ಸುಳ್ಳಲ್ಲ.

ಬೈಕಿನ ಸದ್ದು ದೂರವಾದ ಮೇಲೂ ಅವನು ಅಲ್ಲೇ ಕೂತಿದ್ದ. ಊಟಕ್ಕೆ ಕರೆಯಲು ಬಂದ ಹೆಂಡತಿಗೆ, ಒಂದು ಗಳಿಗೆ ಕೂತ್ಕೋ ಎಂದ. ಬೆರಳಿನಿಂದ ನಾಲ್ಕನೆಯ ಮತ್ತು ಐದನೆಯ ಹಿಕ್ಕೆಗಳ ನಡುವೆ ಖಾಲಿ ಇದ್ದ ಜಾಗವನ್ನು ತೋರಿಸಿದ.

"ಇಲ್ಲಿ ಯಾರ ಹಟ್ಟಿ ಇದೆ?"

"ಆ ಜಗಳಗಂಟಂದು."

"ಅವನ ಹಿಂಡಲ್ಲಿ ಎಷ್ಟು ಸತ್ತವು?"

"ಒಂದೂ ಇಲ್ಲ. ಪಾಪಿ ಚಿರಾಯು."

"ಅವನು ನನ್ನ ಮುಖ ನೋಡಲ್ಲ. ಕರೀಲಿಲ್ಲ. ನಾನು ಹೋಗಲಿಲ್ಲ." ಅವನು ಬೆರಳನ್ನು ಸಾಲಿನ ಉದ್ದಕ್ಕೂ ಎಳೆದ. "ಇದು ಬೇನೆ ದಾರಿ ಅಲ್ಲ ಕಣೆ. ನಾನು ನಡೆದ ದಾರಿ. ನನ್ನ ಸೊಂಟದಲ್ಲಿದ್ದ ಗೊಟ್ಟ, ಆ ಒದ್ದೆ ಬಟ್ಟೆ, ಒಂದು ಬಾಯಿಯಿಂದ ತೆಗೆದು ಇನ್ನೊಂದು ಬಾಯಿಗೆ... ಜಗಳ ಆಡಿದೋನ ಹಿಂಡು ಉಳೀತು. ನನ್ನ ತಂಗಿ ಹಿಂಡು ಹೋಯ್ತು."

ಅವಳು ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಅಕ್ಷರ ಬಾರದವಳು, ಇದು ಮಾತ್ರ ಓದಲು ಬಂತು.

"ಹೋಗಿ ಹೇಳ್ಬಿಡ್ತೀನಿ ತಂಗಿಗೆ," ಎಂದ.

"ಸುಮ್ನಿರು!" ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು. "ಹೇಳಿದ್ರೆ ಸತ್ತ ಕುರಿ ಎದ್ದು ಬರುತ್ತಾ? ಏಳು ಹಟ್ಟಿಯೋರೂ ನಮ್ಮನ್ನ ಒಂದು ಹುಲ್ಲುಕಡ್ಡಿ ಹತ್ತಿರಾನೂ ಬಿಟ್ಕೊಳ್ಳಲ್ಲ. ಮಗ ಇನ್ನೂ ಸಣ್ಣೋನು. ಬೇಕಂತ ಮಾಡಿದ್ಯಾ ನೀನು? ಇಲ್ಲ ತಾನೆ? ಹಂಗಿದ್ರೆ ಬಾಯಿ ಮುಚ್ಕೊಂಡಿರು."

ಪೊರಕೆ ತಂದು ಆ ಏಳು ಹಿಕ್ಕೆಗಳನ್ನು ಅವಳೇ ಗುಡಿಸಿ ಹಾಕಿದಳು. ಅವನು ಎದುರಾಡಲಿಲ್ಲ. ಒಲೆಯ ಬಳಿ ಹೋಗಿ, ಒಂದು ಹಿಡಿ ಬೂದಿ ತೆಗೆದುಕೊಂಡು ಕೈ ತೊಳೆಯತೊಡಗಿದ. ಊಟ ಆರಿಹೋಗುವವರೆಗೂ ತೊಳೆದ. ಅಪ್ಪನ ಗೊಟ್ಟವನ್ನು ಸುಡಲು ಮನಸ್ಸು ಬಾರದೆ ತೊಲೆಗೆ ನೇತುಹಾಕಿದ. ಮರುವರ್ಷ ಡಾಕ್ಟರಮ್ಮ ಸೂಜಿ ಹಿಡಿದು ಬಂದಾಗ, ಬೇರೆಯವರು ಕುರಿ ಬಚ್ಚಿಡುತ್ತಿದ್ದರೆ, ಇವನು ಒಂದೊಂದನ್ನೇ ಎತ್ತಿ ತಂದು ಅವಳ ಮುಂದೆ ಹಿಡಿದ. ಬೂದಿಯಣ್ಣ ಎಂಬ ಹೆಸರು ಬಿದ್ದದ್ದು ಆ ವರ್ಷ. ಯಾಕೆ ಎಂದು ಕೇಳಿದವರಿಗೆಲ್ಲ, "ಅಂಗೈ ಕಡೀತದೆ" ಎನ್ನುತ್ತಿದ್ದ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಣ್ಣಾಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ತೊಟ್ಟಿಯ ಕಡೆ ಕೈತೊಳೆಯಲು ನಡೆದರು. ಕತ್ತರಿ ಮಾಮನ ಬಾಯಿ ಅವತ್ತು ಮೊದಲ ಸಲ ಮುಚ್ಚಿತ್ತು. ಗುದ್ದಲಿಗೆ ಒರಗಿ ನಿಂತು ಸಣ್ಣ ಮಗುವಿನಂತೆ ಬಿಕ್ಕುತ್ತಿದ್ದ.

ಅಜ್ಜಿ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಬಂದು ತಬ್ಬಿಕೊಂಡು ಅತ್ತರು. ಅವರು ಬಿಟ್ಟ ಮೇಲೆ ಇನ್ನೊಬ್ಬರು. ಒಂದು ಲೋಟ ಟೀ ತಂದು ಯಾರೋ ಕೈಗಿಟ್ಟರು. ಹದಿನೆಂಟು ವರ್ಷ ಮುಚ್ಚಿಟ್ಟ ಮಾತು ಕರೆದ ಕೂಡಲೇ ಬರುವುದಿಲ್ಲ. ಗಂಟಲಿಗೆ ಬಂದು ಟೀಯ ಜೊತೆ ಮತ್ತೆ ಕೆಳಗಿಳಿಯಿತು. ಗುಡ್ಡದ ಹಿರಿಯ ಬಂದು, "ಹೊತ್ತು ಮುಳುಗೋದ್ರೊಳಗೆ ಕಣಿವೆ ದಾಟಬೇಕು, ಬರ್ತೀವಮ್ಮ," ಎಂದ. ಅವಳು ತಲೆಯಾಡಿಸಿದಳು. ಅವನ ಹಿಂಡು ಧೂಳೆಬ್ಬಿಸಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಕಾಲುವೆ ಕಡೆಯವರೂ ಹೊರಟರು. ಅವರ ಹಿಂದೆ, ಮರುದಿನದ ಸಂತೆಗೆಂದು ಕುರಿ ಹೊಡೆದುಕೊಂಡು ಬಂದಿದ್ದವರು.

ಆಗ ನಾದಿನಿ ಉಳಿದ ಜನರ ನಡುವೆ ನಿಂತು ಮಾತು ತೆಗೆದಳು.

"ಅತ್ತಿಗೆ, ಅಣ್ಣನ ಯಾವ ಆಸ್ತಿನೂ ನನಗೆ ಬೇಡ. ಆ ಗೊಟ್ಟ ಒಂದು ನನ್ನ ಮಗನಿಗೆ ಕೊಡು. ಅಣ್ಣನ ಕೈಗುಣ ಅವನಿಗೆ ಬರಲಿ. ಇವತ್ತೇ ಆ ಆಡಿಗೆ ಕುಡಿಸಿ, ಹೋಗ್ತಾ ದಾರೀಲಿರೋ ಹಟ್ಟಿಗಳಿಗೂ ಕುಡಿಸ್ಕೊಂಡು ಹೋಗ್ತಾನೆ. ಅಣ್ಣ ಹಂಗೇ ಮಾಡ್ತಿದ್ದ."

"ಕೊಡಮ್ಮ, ಒಳ್ಳೇದೇ ತಾನೆ," ಎನ್ನುತ್ತ ಅಜ್ಜಿಯ ಮಗ ಆಗಲೇ ಒಳಗೆ ಹೋಗಿ, ಸ್ಟೂಲು ಹತ್ತಿ, ತೊಲೆಯಿಂದ ಗಂಟು ಬಿಚ್ಚಿ ತಂದಿದ್ದ. ಹದಿನೆಂಟು ವರ್ಷದ ಹೊಗೆಗೆ ಬಟ್ಟೆ ಕಪ್ಪಗಾಗಿತ್ತು. ನಾದಿನಿ ಎರಡೂ ಕೈ ಚಾಚಿದಳು.

ಅಜ್ಜಿ ನಡುವೆ ಬಂದು ಅದನ್ನು ಕಿತ್ತುಕೊಂಡಳು.

"ಕೊಡಲ್ಲ."

ನಾದಿನಿಯ ಚಾಚಿದ ಕೈ ಹಾಗೇ ಇತ್ತು. "ಒಂದು ಬಿದಿರಿನ ತುಂಡಿಗೆ ಇಷ್ಟು ಕಟುಕಿಯಾದೆಯಾ?" ಎಂದಳು. "ಅಣ್ಣ ಇದ್ದಿದ್ರೆ ಇಲ್ಲ ಅಂತಿರಲಿಲ್ಲ. ನನ್ನ ಕುರಿ ಉಳಿಸೋಕೆ ಅಂತ ಎರಡು ದಿನ ನಡೆದು..."

"ಸಾಕು! ಆ ಮಾತು ಇನ್ನೊಂದ್ಸಲ ಆಡಬೇಡ. ನನ್ನ ಜೊತೆ ಬಾ."

ದೊಡ್ಡಿಯ ಹಿಂದೆ ನೆಲ ಸಮನಾಗಿತ್ತು. ಅಜ್ಜಿ ಗೊಟ್ಟವನ್ನು ಪಕ್ಕಕ್ಕಿಟ್ಟು ಕೂತಳು. ಮಂಡಿ ಎರಡೂ ಲಟಕ್ಕೆಂದವು. ಬಾಯಿಂದ ಹೇಳಲಾಗದು ಎಂದು ಅವಳಿಗೆ ತಿಳಿದುಹೋಗಿತ್ತು. ಒಂದು ಹಿಡಿ ಒಣ ಹಿಕ್ಕೆ ಬಾಚಿ ಮಡಿಲಿಗೆ ಹಾಕಿಕೊಂಡು, ಅಂಗೈಯಿಂದ ಮಣ್ಣು ಸವರಿ, ಒಂದನ್ನು ಇಟ್ಟಳು.

"ಇದು ಹೊಳೆ ಹಟ್ಟಿ. ಆ ವರ್ಷ ಮೊದಲು ಅಲ್ಲಿ."

ಎರಡನೆಯದು. ಮೂರನೆಯದು. ಸಿಟ್ಟಿನಿಂದ ನಿಂತೇ ಇದ್ದ ನಾದಿನಿ ನಾಲ್ಕನೆಯದಕ್ಕೆ ಮೆಲ್ಲಗೆ ಕುಳಿತಳು. ಹುಟ್ಟಿದಾಗಿನಿಂದ ಆ ದಾರಿಗಳಲ್ಲಿ ನಡೆದವಳು. ಯಾವ ಹಟ್ಟಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಡುವೆ ಜಗಳಗಂಟಂದು ಬಿಟ್ಟೆ," ಎಂದಳು.

"ಅಲ್ಲಿ ಒಂದೂ ಸಾಯಲಿಲ್ಲ. ಅವನು ನಿಮ್ಮಣ್ಣನ್ನ ಕರೀಲಿಲ್ಲ. ಇವನು ಹೋಗಲಿಲ್ಲ."

ಐದು. ಆರು. ಏಳನೆಯದನ್ನು ಇಡಲು ಅಜ್ಜಿಯ ಕೈ ಮುಂದೆ ಹೋಗಲಿಲ್ಲ. ನಾದಿನಿ ಅವಳ ಬೆರಳುಗಳಿಂದ ಆ ಹಿಕ್ಕೆಯನ್ನು ತೆಗೆದುಕೊಂಡು, ಎಲ್ಲಿ ಇಡಬೇಕೋ ಸರಿಯಾಗಿ ಅಲ್ಲೇ ಇಟ್ಟಳು. ಇಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕಪ್ಪು ಬಟ್ಟೆಯ ಗಂಟನ್ನು ನೋಡಿದಳು.

"ಬೇನೆ ಬರೋ ಮುಂಚೆನೇ ಬಂದ," ಎಂದಳು. ಅದೇ ಹಳೆಯ ಮಾತು. ಅವಳ ಬಾಯಿಗೆ ಈಗ ಅದು ಹೊಸದಾಗಿತ್ತು. "ನೂರೆಂಬತ್ತಕ್ಕೂ ಕುಡಿಸಿದ. ಮರಿಗಳನ್ನ ನಾನೇ ಹಿಡ್ಕೊಟ್ಟೆ." ಅತ್ತಿಗೆಯ ಕಡೆ ತಿರುಗಿದಳು. "ಅಣ್ಣನಿಗೆ ಗೊತ್ತಿತ್ತಾ?"

"ಗೊತ್ತಾಯ್ತು. ನಿನಗೆ ಹೇಳ್ತೀನಿ ಅಂತ ಎದ್ದ. ಬೇಡ ಅಂದೋಳು ನಾನು. ಹೊಡೆಯೋದಿದ್ರೆ ನನಗೆ ಹೊಡಿ."

ನಾದಿನಿ ಹೊಡೆಯಲಿಲ್ಲ. ಅಳಲೂ ಇಲ್ಲ. ಇಟ್ಟಿಗೆ ಹೊತ್ತು ಬಾಗಿದ ಬೆನ್ನು ಇನ್ನಷ್ಟು ಬಾಗಿತು, ಅಷ್ಟೇ. ಆ ಬೆನ್ನನ್ನು ಮುಟ್ಟಬೇಕೆಂದು ಅಜ್ಜಿಗೆ ಅನ್ನಿಸಿತು. ಧೈರ್ಯ ಬರಲಿಲ್ಲ.

"ನಿನ್ನ ಮಗ ತಂದ ಆಡಿಗೆ ಅದೇ ಬಂದಿದೆ," ಎಂದಳು. "ಬೆಳಗ್ಗೆನೇ ನೋಡಿದೆ. ಬೇರೆ ಕಟ್ಟಿಸಿದೀನಿ. ಈ ಗೊಟ್ಟ ಒಂದು ಹೊರಗೆ ಹೋಗದಿದ್ರೆ ಸಾಕು, ಇಲ್ಲಿಗೇ ನಿಲ್ಲುತ್ತೆ. ಇದನ್ನ ಈಗಲೇ ಒಲೆಗೆ ಹಾಕ್ತೀನಿ."

ಕೊನೆಯ ಕಂಬದ ಬಳಿ ಆಡು ಕೆಮ್ಮಿತು. ನಾದಿನಿ ಆ ಕಡೆ ತಿರುಗಿದಳು. ಅಲ್ಲಿಂದ ಅವಳ ನೋಟ ತೊಟ್ಟಿಗೆ ಹೋಯಿತು. ತೊಟ್ಟಿಯ ಅಂಚಿನ ಉದ್ದಕ್ಕೂ ನೂರಾರು ಬಾಯಿಗಳು ಬಿಟ್ಟುಹೋದ ಜೊಲ್ಲು ಬಿಸಿಲಿಗೆ ಹೊಳೆಯುತ್ತಿತ್ತು.

"ಬೇರೆ ಕಟ್ಟಿದ್ದು ಯಾವಾಗ?" ಎಂದಳು. "ನಾವು ಬಂದ ಎಷ್ಟು ಹೊತ್ತಿಗೆ?"

"ಯಾಕೆ?"

"ಇವತ್ತು ಮೊದಲು ಬಂದದ್ದು ನಮ್ಮ ಹಿಂಡು. ಆ ಆಡು ಓಡಿಹೋಗಿ ತೊಟ್ಟಿಗೆ ಬಾಯಿ ಹಾಕ್ತು. ಎಳೆದ್ರೂ ಮುಖ ಎತ್ತಲಿಲ್ಲ. ಬಾಯಾರಿದೆ ಪಾಪ ಅಂತ ನಾನೇ ಬಿಟ್ಟೆ. ಆಮೇಲೆ ಗುಡ್ಡದೋರ ಹಿಂಡು ಕುಡೀತು. ಆಮೇಲೆ ಎಲ್ಲರದ್ದೂ."

ಅಜ್ಜಿ ಮಗನನ್ನು ಕೂಗಬೇಕೆಂದು ಎದ್ದಳು. ಬೇಲಿ ಹಿಡಿದು ನಿಂತು ನೋಡಿದಳು. ಕಣಿವೆಯ ಬಾಯಲ್ಲಿ ಒಂದು ಧೂಳು, ಕಾಲುವೆ ಏರಿಯ ಮೇಲೆ ಒಂದು, ಸಂತೆಯ ರಸ್ತೆಯಲ್ಲಿ ಒಂದು. ಮೂರೂ ಆಗಲೇ ಸಣ್ಣಗಾಗಿದ್ದವು.

ನಾದಿನಿ ಅವಳ ಮಡಿಲಿನಿಂದ ಚೆಲ್ಲಿದ ಹಿಕ್ಕೆಗಳನ್ನು ಬಾಚಿಕೊಂಡಳು. ಏಳು ಹಿಕ್ಕೆಗಳ ಸಾಲಿನ ಪಕ್ಕದಲ್ಲಿ, ಅಂಗೈಯಿಂದ ನೆಲ ಸವರಿ, ನಡುವೆ ಒಂದನ್ನು ಇಟ್ಟಳು.

"ಇದು ಈ ಹಟ್ಟಿ," ಎಂದಳು.

ಆಮೇಲೆ ಗುಡ್ಡದ ಕಡೆಗೆ ಒಂದು. ಗುಡ್ಡದಾಚೆ ಅವರ ಬೀಗರ ಎರಡು ಹಟ್ಟಿಗಳು, ಎರಡು. ಕಾಲುವೆಗೆ ಒಂದು, ಕಾಲುವೆ ಉದ್ದಕ್ಕೂ ಇಳಿದು ಮೂರು. ಸಂತೆಯ ದಾರಿಗೆ ಇಡಲು ಹೋಗಿ ಅವಳ ಕೈ ನೆಲದ ಮೇಲೆ ಹಾಗೇ ನಿಂತಿತು. ಸಂತೆಯಿಂದ ದಾರಿಗಳು ಎಲ್ಲ ಕಡೆಗೂ ಹೋಗುತ್ತವೆ. ಅವಳ ಮುಷ್ಟಿಯಲ್ಲಿ ಹಿಕ್ಕೆ ಇನ್ನೂ ಬೇಕಾದಷ್ಟಿತ್ತು.